ವೀಸಾ ಬರೋ ತನಕ

ಮಲಪ್ರಭೆಯ ದಂಡೆಯ ಮೇಲೆ ನೀಲಕ್ಕನವರ ಆಶ್ರಮ. ಕಸ್ತೂರಿ ದಿನಾ ಬೆಳಿಗ್ಗೆ ಮಗಳು ಭಾಗಿಯನ್ನು ಕರೆದುಕೊಂಡು ಅಲ್ಲಿಗೆ ಹಾಡು ಕಲಿಯಲು ಬರುತ್ತಿದ್ದಳು.

ಅವಳ ಗಂಡ ಮಲ್ಲೇಶಿ ದೂರದ ಚಳಿದೇಶವೊಂದರಲ್ಲಿ ಹಡಗು ಕಟ್ಟುವಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಹೆಂಡತಿ, ಮಗಳು ತನ್ನ ಜೊತೆ ಇರಲೆಂದು ಅವರ ವೀಸಾಕ್ಕೆ ಅರ್ಜಿ ಹಾಕಿಸಿದ್ದ. ಮೂರು ತಿಂಗಳಲ್ಲಿ ಬರುತ್ತದೆ ಎಂದಿದ್ದರು.

ಏಳು ತಿಂಗಳಾಯಿತು.

ಕಸ್ತೂರಿ ಹೊಸ ಹಾಡು ಕಲಿಯುವುದನ್ನು ಬಿಟ್ಟಳು. ಆಶ್ರಮಕ್ಕೆ ಬಂದರೂ ಕಟ್ಟೆಯ ಮೇಲೆ ಫೋನ್ ಹಿಡಿದು ಕೂತುಬಿಡುವಳು.

"ಯಾಕವ್ವಾ, ಹಾಡಾಕ ಬರಂಗಿಲ್ಲೇನು?" ಎಂದು ಕೇಳಿದರು ನೀಲಕ್ಕನವರು.

"ಕಲಿಯಾಕ ಹತ್ತಿದ್ರ ಅರ್ಧಕ್ಕ ಬಿಟ್ಟು ಹೋಗೂದಾಗತೈತಿ ಅಕ್ಕಾರ. ಇವತ್ತೋ ನಾಳೆನೋ ವೀಸಾ ಬರತೈತಿ."

"ಭಾಗಿನ್ನ ಸಾಲಿಗೆ ಹಾಕಿದಿಯೇನು?"

"ಹದಿನೈದು ದಿನದ ಸಲುವಾಗಿ ಏನು ಹಾಕೂದ್ರಿ? ಅಲ್ಲಿಗೆ ಹೋಗಿ ಹಾಕಿದರಾತು."

"ನನ್ನ ಗೊಂಬಿನೂ ಪೆಟ್ಟಿಗ್ಯಾಗ ಐತಿ," ಎಂದಳು ಭಾಗಿ. "ಅಲ್ಲಿಗೆ ಹೋದ ಮ್ಯಾಲೆ ತಗದು ಕೊಡತಾಳಂತ ಅವ್ವ."

ನೀಲಕ್ಕನವರು ಭಾಗಿಯ ತಲೆ ಸವರಿದರು.

"ಅಕ್ಕಾರ, ಇನ್ನೂ ಎಷ್ಟು ದಿನ ಹಿಡಿತೈತಿ?" ಎಂದಳು ಕಸ್ತೂರಿ.

"ಅದು ನನಗ ಗೊತ್ತಿಲ್ಲ. ಇವತ್ತು ಬುಧವಾರ ಅನ್ನೂದಷ್ಟು ಗೊತ್ತು."

ಹೀಗೆಂದು ಭಾಗಿಯ ಕೈ ಹಿಡಿದು ಹೊಳೆಗೆ ನೀರು ತರಲು ಹೋದರು.

ಮುಂದಿನ ಶನಿವಾರ ಕಸ್ತೂರಿ ಅಳುತ್ತಾ ಬಂದಳು.

"ವೀಸಾ ಆಫೀಸಿಂದ ಕಾಗದ ಬಂತು ಅಕ್ಕಾರ. ಭಾಗಿ ಫೋಟೋ ಆರು ತಿಂಗಳು ಮೀರೈತಂತ. ನಡ್ಯಂಗಿಲ್ಲಂತ. ಹೊಸಾದು ಕಳಿಸ್ರಿ ಅಂದಾರ. ಮತ್ತ ಕಾಯಬೇಕು. ಅದ ಹುಡುಗಿ, ಅದ ಮುಖ! ಹೊಸಾದು ಯಾಕ ಬೇಕು ಅವರಿಗೆ?"

"ಹಳೇ ಫೋಟೋ ಇಲ್ಲಿ ಕೊಡು."

ನೀಲಕ್ಕನವರು ಭಾಗಿಯನ್ನು ಕರೆದು ಫೋಟೋವನ್ನು ಅವಳ ಕೆನ್ನೆಯ ಪಕ್ಕ ಹಿಡಿದರು.

ಫೋಟೋದಲ್ಲಿದ್ದದ್ದು ದುಂಡು ಕೆನ್ನೆಯ ಕೂಸು. ಎದುರಿಗೆ ನಿಂತದ್ದು ಕತ್ತು ಉದ್ದವಾದ, ಗಲ್ಲ ಚೂಪಾದ ಹುಡುಗಿ.

"ಭಾಗಿ, ಒಂದು ಸಲ ನಗವ್ವಾ."

ಭಾಗಿ ನಕ್ಕಳು. ಮೇಲಿನ ಎರಡು ಹಲ್ಲು ಇರಲಿಲ್ಲ.

ಕಸ್ತೂರಿ ಮಗಳ ಗಲ್ಲ ಹಿಡಿದು ನೋಡಿದಳು. "ಯಾವಾಗ ಬಿದ್ದುವು ಇವು?"

"ಒಂದು ಹಬ್ಬದ ದಿನ ಬಿತ್ತು. ಇನ್ನೊಂದು ಆಮ್ಯಾಲೆ. ನಿನಗ ತೋರಿಸಾಕ ಬಂದಿದ್ದೆ. ನೀ ಫೋನ್ ನೋಡಾಕತ್ತಿದ್ದಿ, ತಡಿ ಅಂದಿ. ಅಕ್ಕಾರೂ ನಾನೂ ಮಾಳಿಗಿ ಮ್ಯಾಲೆ ಒಗದ್ವಿ."

ಕಸ್ತೂರಿ ಬಹಳ ಹೊತ್ತು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಇದ್ದಳು.

ಅವತ್ತು ಸಂಜೆ ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿದಳು. ಗೊಂಬೆ ಹೊರಬಂತು, ಹಬ್ಬದ ಲಂಗವೂ ಬಂತು. ಲಂಗ ಆಗಲೇ ಗಿಡ್ಡವಾಗಿತ್ತು.

ಸೋಮವಾರ ಹೊಸ ಫೋಟೋ ಕಳಿಸಿ, ಭಾಗಿಯನ್ನು ಶಾಲೆಗೆ ಕರೆದೊಯ್ದಳು.

"ಎಷ್ಟು ದಿನ ಇರತಾಳ್ರಿ?" ಎಂದು ಕೇಳಿದರು ಟೀಚರು.

"ಇರೂತನಕ ಬರತಾಳ್ರಿ," ಎಂದಳು ಕಸ್ತೂರಿ.

ಆಶ್ರಮದಲ್ಲಿ ಅವಳು ಹೊಸ ಹಾಡು ಹಿಡಿದಳು. ಐದು ನುಡಿಯ ಹಾಡು. ಒಮ್ಮೊಮ್ಮೆ ಫೋನ್ ಕಡೆ ಕಣ್ಣು ಹೋಗುತ್ತಿತ್ತು. ಹೋದಾಗ ತಾಳ ತಪ್ಪುತ್ತಿತ್ತು. ನೀಲಕ್ಕನವರು ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದರು.

ಇನ್ನೂ ನಾಲ್ಕು ತಿಂಗಳ ಮೇಲೆ ವೀಸಾ ಬಂತು. ಅಷ್ಟರಲ್ಲಿ ಹಾಡಿನ ಮೂರು ನುಡಿ ಆಗಿದ್ದವು.

ಹೊರಡುವ ದಿನ ತಾಯಿ ಮಗಳು ನೀಲಕ್ಕನವರ ಕಾಲಿಗೆ ಬೀಳಲು ಬಂದರು. ಶಾಲೆಯ ಗೆಳತಿ ರೇಣುಕಾಳನ್ನು ಬಿಟ್ಟು ಹೋಗಬೇಕಲ್ಲ ಎಂದು ಭಾಗಿ ದಾರಿಯುದ್ದಕ್ಕೂ ಅತ್ತಿದ್ದಳು. ಕಸ್ತೂರಿ ಅಳಬೇಡ ಎಂದಿರಲಿಲ್ಲ.

ಆಶೀರ್ವಾದ ತೆಗೆದುಕೊಂಡು ಏಳುವಾಗ ಕಸ್ತೂರಿಯ ಫೋನ್ ರಿಂಗಾಯಿತು. ಮಲ್ಲೇಶಿಯ ಜೊತೆ ಕೆಲಸ ಮಾಡುವವನ ಹೆಂಡತಿ, ಗೋಕಾಕದಾಕೆ. ಹೋದ ವಾರವಷ್ಟೇ ಅರ್ಜಿ ಹಾಕಿದ್ದಳಂತೆ.

ಕಸ್ತೂರಿ ಫೋನಿಗೆ ಕೈ ಅಡ್ಡ ಹಿಡಿದಳು.

"ವೀಸಾಕ್ಕ ಎಷ್ಟು ದಿನ ಹಿಡಿತೈತಿ ಅಂತ ಕೇಳಾಕತ್ತಾಳ. ಏನು ಹೇಳ್ಲಿ ಅಕ್ಕಾರ?"

"ಹನ್ನೊಂದು ತಿಂಗಳು ಹಿಡೀತು ಅಂತ ಖರೇನ ಹೇಳು," ಎಂದರು ನೀಲಕ್ಕನವರು. "ಅಷ್ಟು ಹೇಳಿ ಫೋನ್ ಇಡಬ್ಯಾಡ. ಇವತ್ತು ಏನು ಅಡಿಗಿ ಮಾಡೀರಿ ಅಂತ ಕೇಳು."