ಊಟಕ್ಕೆ ಮುಂಚಿನ ನೀರು

"ಗುರುಗಳೇ, ನಮ್ಮವರಲ್ಲದವರನ್ನು ಉಳಿಸಲು ಹೋಗಿ ಹೆತ್ತ ಮಕ್ಕಳನ್ನು ಸಾವಿಗೆ ಒಡ್ಡುವುದು ಧರ್ಮವೇ?" ಎಂದು ಶಿಷ್ಯ ಅಡವಯ್ಯ ಕೇಳಿದ.

"ಅವಸರ ಮಾಡಬೇಡ ಮಾರಾಯ, ಮೊದಲು ಇದನ್ನು ಕೇಳು," ಎಂದು ಗುರುಗಳು ಹೇಳತೊಡಗಿದರು.

ಪೋಲೆಂಡ್ ದೇಶವನ್ನು ಜರ್ಮನ್ ಸೈನ್ಯ ನುಂಗಿ ಕೂತಿದ್ದ ಕಾಲ. ಯೆಹೂದಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದರು. ಅವರಿಗೆ ಆಸರೆ ಕೊಟ್ಟ ಮನೆಯವರಿಗೂ ಸಾವೇ ಗತಿ. ಅಂಥ ಹೊತ್ತಿನಲ್ಲಿ ಯೆಹೂದಿಯಲ್ಲದ, ಚಿಕ್ಕ ಮಕ್ಕಳಿದ್ದ ಒಬ್ಬ ವಿಧವೆ, ಯೆಹೂದಿ ಮುದುಕಿಯೊಬ್ಬಳನ್ನು ಮನೆಗೆ ಸೇರಿಸಿಕೊಂಡಳು. "ನಮ್ಮ ದೊಡ್ಡಮ್ಮ, ಪಾಪ, ಮೂಗಿ" ಎಂದು ಕೇಳಿದವರಿಗೆಲ್ಲ ಹೇಳಿದಳು; ಮುದುಕಿ ಬಾಯಿ ಬಿಟ್ಟರೆ ಮಾತಿನ ಧಾಟಿಯಲ್ಲೇ ಗುಟ್ಟು ರಟ್ಟಾಗುತ್ತಿತ್ತು.

ಒಂದು ಮಧ್ಯಾಹ್ನ ಮೊಟ್ಟೆ ವಸೂಲಿಗೆಂದು ಸೇನೆಯ ಅಧಿಕಾರಿ ಬಂದ. ಎಲ್ಲರೂ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಮುದುಕಿಯ ಮುಂದೆ ರೊಟ್ಟಿ ಬಂತು. ರೊಟ್ಟಿ ಮುಟ್ಟುವ ಮುಂಚೆ ಕೈಗೆ ನೀರು ಸುರಿದು ಪ್ರಾರ್ಥಿಸುವುದು ಯೆಹೂದಿಗಳ ಪದ್ಧತಿ; ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಿಟ್ಟೀತೇ? ಚೊಂಬು ಎತ್ತಿ ಬಲಗೈಗೆ, ಆಮೇಲೆ ಎಡಗೈಗೆ ನೀರು ಸುರಿದುಕೊಂಡಳು. ತುಟಿಯಲ್ಲೇ ಪ್ರಾರ್ಥನೆ ಗುನುಗಿದಳು.

"ಮೂಗಿಗೆ ಮಾತು ಬಂತೋ? ಇದು ಯಾರ ಪದ್ಧತಿ?" ಎಂದ ಅಧಿಕಾರಿ.

ವಿಧವೆ ತಿರುಗಿ ನೋಡಿದಳು. ಪಕ್ಕದಲ್ಲೇ ಮಕ್ಕಳು. ಮರುಗಳಿಗೆಯಲ್ಲಿ ಅವಳಿಗೆ ಸಿಟ್ಟು ನೆತ್ತಿಗೇರಿತು. ಥೂ, ಕೈತೊಳೆದು ಉಣ್ಣುವುದೂ ಇವರ ರಾಜ್ಯದಲ್ಲಿ ಅಪರಾಧವಾಯಿತೇ! ಚೊಂಬು ಕಿತ್ತುಕೊಂಡು ತಾನೂ ಹಾಗೆಯೇ ನೀರು ಸುರಿದುಕೊಂಡಳು, ತುಟಿ ಅಲ್ಲಾಡಿಸಿದಳು. "ನಮ್ಮ ಪದ್ಧತಿ. ಗೊಬ್ಬರ ಮುಟ್ಟಿದ ಕೈಯಲ್ಲಿ ಉಣ್ಣಬೇಕೇನು?" ಎಂದಳು.

ಅಧಿಕಾರಿ ನಂಬಲಿಲ್ಲ. ಬೇಲಿಯಾಚೆ ನಿಂತು ಎಲ್ಲ ನೋಡುತ್ತಿದ್ದ ನೆರೆಯವನನ್ನು ಕರೆದು, "ಇದು ನಿಮ್ಮೂರ ಪದ್ಧತಿಯೇ?" ಎಂದು ಕೇಳಿದ. ಹೊಲದ ಬದುವಿನ ಜಗಳಕ್ಕೆ ಆ ನೆರೆಯವನು ಅವಳೊಂದಿಗೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಇನ್ನು ಮುಗಿಯಿತು ನಮ್ಮ ಕತೆ ಎಂದುಕೊಂಡಳು ಅವಳು.

ನೆರೆಯವನು ಮುದುಕಿಯನ್ನು ನೋಡಿದ, ಮಕ್ಕಳನ್ನು ನೋಡಿದ. ನೇರವಾಗಿ ಬಂದು ವಿಧವೆಯ ಮುಂದೆ ಕೈಯೊಡ್ಡಿದ. "ಏನು ಮುಖ ನೋಡುತ್ತಾ ಕೂತೆ? ನನಗೂ ಹಾಕು," ಎಂದು ಗದರಿದ. ಬಲಗೈ, ಆಮೇಲೆ ಎಡಗೈ. ತುಟಿ ಅಲ್ಲಾಡಿಸಿ, ಕೂತು ರೊಟ್ಟಿ ಮುರಿದ. ಬಳಿಕ ಅಧಿಕಾರಿಯ ಕಡೆ ತಿರುಗಿ, "ನೀವೂ ತೊಳೆಯಿರಿ ಸ್ವಾಮಿ. ನಿಮ್ಮ ಕೈಗೆ ಅಂಟಿದ್ದು ಸ್ವಲ್ಪವಾದರೂ ಹೋದೀತು," ಎಂದ.

ಅಧಿಕಾರಿ ಚೊಂಬನ್ನು ಒದ್ದ. ಯಾರನ್ನು ಹಿಡಿಯುವುದೆಂದು ತಿಳಿಯದೆ, ಮೊಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಟುಹೋದ.

ಅಡವಯ್ಯನಿಗೆ ಕುತೂಹಲ ತಡೆಯಲಾಗಲಿಲ್ಲ. "ಭಲೇ! ಆ ನೆರೆಯವನು ಯಾವ ಮತದವನು ಗುರುಗಳೇ?" ಎಂದ.

"ಆ ಅಧಿಕಾರಿಗೆ ಬೇಕಾಗಿದ್ದದ್ದೂ ಅದೇ," ಎಂದರು ಗುರುಗಳು.