ಗಾಜಿನ ತಂಬಿಗೆ

ಪ್ರವಾಸಿ ಮಂದಿರದಲ್ಲಿ ಅಡುಗೆ ಮಾಡಿ ಬಡಿಸುವ ಮೇಟಿ ಮುದಕಪ್ಪ. ತಪಾಸಣೆಗೆ ಬಂದ ಮೈಸೂರಿನ ಸಾಹೇಬರು ಪದ್ಮನಾಭಯ್ಯ ಊಟಕ್ಕೆ ಕೂತಿದ್ದರು. ಕಿಟಕಿಯ ತಂಪಿಗೆ ನೀರಿಟ್ಟು ಮುದಕಪ್ಪ, "ಗಾಜಿನ ತಂಬಿಗಿ ಇಲ್ಲೈತ್ರಿ," ಅಂದ. ಅಷ್ಟಕ್ಕೇ ಸಾಹೇಬರ ಸಿಟ್ಟು ನೆತ್ತಿಗೇರಿತು.

"ತಂಬಿಗೆ ಅಂತೆ ತಂಬಿಗೆ. ಅದು ಕರಾಫ್ ಕಣಯ್ಯ, ಊಟದ ಹೊತ್ತಲ್ಲಿ ನೀರು ಬಗ್ಗಿಸೋ ಗಾಜಿನ ಪಾತ್ರೆ. ಸರಿಯಾದ ಹೆಸರು ಬಾರದ ವಸ್ತುವನ್ನ ಇಲ್ಲಿ ಯಾರೂ ಮುಟ್ಟಕೂಡದು. ಮುಟ್ಟಿದರೆ ನಿನ್ನ ಕೆಲಸ ಹೋಯ್ತು."

"ಯಾರೂ ಅಂದ್ರ ಯಾರೂ ಏನ್ರಿ?"

"ಯಾರೂ."

ಮುದಕಪ್ಪ ತಟ್ಟೆ ತಂದಿಟ್ಟ. ಸಾಹೇಬರು ಕೈ ಹಾಕುವಷ್ಟರಲ್ಲಿ ಒಂದು ಬಟ್ಟಲು ತೋರಿಸಿ ಕೇಳಿದ, "ಇದಕ್ಕೇನಂತಾರ್ರಿ?"

"ಸೊಪ್ಪು."

"ಸೊಪ್ಪಂದ್ರ ನಾ ತಂಬಿಗಿ ಅಂದಂಗಾತ್ರಿ," ಅಂದು ಪುಂಡಿಪಲ್ಯದ ಬಟ್ಟಲನ್ನು ಎತ್ತಿಕೊಂಡ.

"ಇದಕ್ರಿ?"

"ಚಟ್ನಿಪುಡಿ," ಅಂದರು ಸಾಹೇಬರು, ದನಿ ತಗ್ಗಿಸಿ.

ಗುರೆಳ್ಳು ಹಿಂಡಿಯೂ ಹೋಯಿತು. ಹೆಸರು ಗೊತ್ತಿದ್ದದ್ದು ಜೋಳದ ರೊಟ್ಟಿ ಒಂದೇ. ಹೊಟ್ಟೆ ಚುರುಗುಡುತ್ತಿತ್ತು. ಸಾಹೇಬರು ಅದನ್ನೇ ಮುರಿದು ಬಾಯಿಗಿಟ್ಟರು. ಒಣರೊಟ್ಟಿ ಗಂಟಲಲ್ಲಿ ಸಿಕ್ಕಿ ಬಿಕ್ಕಳಿಕೆ ಶುರುವಾಯಿತು. ಕಣ್ಣಲ್ಲಿ ನೀರು ಬಂತು. ಕಿಟಕಿಯ ಕಡೆ ಕೈ ತೋರಿಸಿದರು.

ಮುದಕಪ್ಪ ಕೈಕಟ್ಟಿ ನಿಂತೇ ಇದ್ದ. "ಮುಟ್ಟಾಕ ಬರೂದಿಲ್ರಿ. ಅದರ ಹೆಸರು ನನ್ನ ಬಾಯಾಗ ಹೊರಳವಲ್ದು. ನೀವು ಹ್ಯಾಂಗಂತೀರಿ ಹಂಗ."

ಸಾಹೇಬರು ಇನ್ನೆರಡು ಸಲ ಬಿಕ್ಕಳಿಸಿದರು.

"ಆ ಗಾಜಿನ ತಂಬಿಗಿ ಇತ್ತ ಕೊಡಪ್ಪ," ಅಂದರು.