ಗಾಳಿಗಿಂತ ಮೊದಲು ಬಂದ ತಣ್ಣೀರು

ಲೀಲಾವತಿ ಬಂಗೇರರು ಕಡಲನ್ನು ಓದುವುದನ್ನು ಕಲಿಸುತ್ತಿದ್ದರು. ಕರಾವಳಿಯ ಒಂದು ಸಂಶೋಧನಾ ಕೇಂದ್ರದಲ್ಲಿ, ಕಿಟಕಿ ತೆರೆದರೆ ನೀರು ಕಾಣುವ ಕೋಣೆಯಲ್ಲಿ.

ಮಳೆಗಾಲದ ಗಾಳಿ ಬೀಸಿದಾಗ ದಡದ ಬಿಸಿನೀರು ಆಚೆಗೆ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ತಮ್ಮ ಊರಿನ ಕಡಲಲ್ಲಿ ಹೀಗಾಗುತ್ತದೆಂದು ಅವರು ಪ್ರಾಯದಲ್ಲಿ ಬರೆದಿದ್ದರು. ಆ ಬರಹಕ್ಕೆ ದೊಡ್ಡ ಹೆಸರಿತ್ತು. ಅದನ್ನು ಓದದೆ ಅಲ್ಲಿ ಯಾರೂ ಪಿಎಚ್‌ಡಿಗೆ ಕೂರುತ್ತಿರಲಿಲ್ಲ.

ಚಳ್ಳಕೆರೆ ಕಡೆಯ ತಿಪ್ಪೇಸ್ವಾಮಿ ಅದನ್ನು ಓದಿಯೇ ಅವರ ಶಿಷ್ಯನಾಗಲು ಬಂದವನು. ಅಲ್ಲಿಯವರೆಗೆ ಅವನು ಕಡಲನ್ನೇ ಕಂಡಿರಲಿಲ್ಲ.

ಕಡಲಲ್ಲಿ ತೇಲಿಬಿಟ್ಟ ಯಂತ್ರಗಳು ನೀರಿನ ಬಿಸಿಯನ್ನು ಅಳೆದು ಕಳಿಸುತ್ತಿದ್ದವು. ಅದನ್ನು ಓದಿ ಅರ್ಥ ಹೇಳುವುದು ಅವನ ಕೆಲಸ. ಕೆಲವು ವರ್ಷಗಳ ಮೇಲೆ ಪ್ರಬಂಧದ ಕರಡು ತಂದು ಮೇಜಿನ ಮೇಲಿಟ್ಟ.

ಲೀಲಾವತಿ ಪುಟ ತಿರುವುತ್ತಾ ಒಂದು ಕಡೆ ನಿಂತರು.

"ಮೇ ತಿಂಗಳು ಎಲ್ಲಿ?"

"ತೆಗೆದುಬಿಟ್ಟೆ ಮೇಡಂ. ಯಂತ್ರ ಕೆಟ್ಟಿತ್ತು."

"ಯಾರು ನೋಡಿದ್ದು?"

"ಯಾರೂ ಹೋಗಿ ನೋಡಲಿಲ್ಲ ಮೇಡಂ."

"ಕೆಟ್ಟಿತ್ತು ಅಂತ ನಿನಗೆ ಹೇಗೆ ಗೊತ್ತಾಯಿತು?"

"ಗಾಳಿ ಶುರುವಾಗುವ ಮೊದಲೇ ನೀರು ತಣ್ಣಗಾಗಿದೆ ಅಂತ ತೋರಿಸುತ್ತಿತ್ತು. ಹಾಗೆ ಆಗುವುದಿಲ್ಲವಲ್ಲ ಮೇಡಂ, ನೀವೇ ಬರೆದಿದ್ದೀರಿ."

"ಯಾವ ವರ್ಷ ಹಾಗಾಯಿತು?"

"ಎಲ್ಲ ವರ್ಷವೂ."

"ಎಲ್ಲ ವರ್ಷವೂ ಮೇ ತಿಂಗಳಲ್ಲಿ ಕೆಟ್ಟು, ಜೂನಿನಲ್ಲಿ ತಾನಾಗಿಯೇ ಸರಿಹೋಗುವ ಯಂತ್ರವೋ ಮಾರಾಯ?"

ಅವನು ತಲೆ ತಗ್ಗಿಸಿದ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ನನಗೆ ಹೆದರಿಕೆಯಾಯಿತು ಮೇಡಂ. ನಿಮ್ಮ ಮಾತು ಸುಳ್ಳು ಅಂತ ನಾನು ಬರೆದರೆ, ನನ್ನನ್ನು ಪಾಸು ಮಾಡುವವರು ಯಾರು?"

ಲೀಲಾವತಿ ಕರಡನ್ನು ಮುಚ್ಚಿದರು. ಎದ್ದು ಕಿಟಕಿಯ ಕಡೆ ಹೋದರು. ಅವರ ಮುಖ ಅವನಿಗೆ ಕಾಣಿಸಲಿಲ್ಲ.

ಆಗ ಮೇ ತಿಂಗಳೇ ನಡೆಯುತ್ತಿತ್ತು.

"ನಾಳೆ ಬೆಳಿಗ್ಗೆ ಬೋಟಿಗೆ ಬಾ," ಎಂದರು.

ಬೆಳಿಗ್ಗೆ ಇಬ್ಬರೂ ಕೇಂದ್ರದ ಸಣ್ಣ ಬೋಟಿನಲ್ಲಿ ಹೊರಟರು. ಕಡಲು ಅಲ್ಲಾಡದೆ ಮಲಗಿತ್ತು. ಬೋಟಿನ ಬಾವುಟ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಅಷ್ಟಾದರೂ ತಿಪ್ಪೇಸ್ವಾಮಿ ಒಂದು ಸಲ ಬೋಟಿನ ಅಂಚಿಗೆ ಬಗ್ಗಿ ವಾಂತಿ ಮಾಡಿದ.

"ಮುಗಿಯಿತಾ? ಇದನ್ನು ಇಳಿಸು," ಎಂದು ಲೀಲಾವತಿ ಹಗ್ಗ ಕಟ್ಟಿದ ಕೊಳವೆಯನ್ನು ಅವನ ಕೈಗೆ ಕೊಟ್ಟರು. ಬೇಕಾದ ಆಳಕ್ಕೆ ಹೋದ ಮೇಲೆ ಬಾಯಿ ಮುಚ್ಚಿಕೊಂಡು, ಅಲ್ಲಿಯ ನೀರನ್ನು ತರುವ ಕೊಳವೆ ಅದು.

ಅವನು ಇಳಿಸಿದ, ಎಳೆದ. ಅವರು ಆ ನೀರನ್ನು ಅವನ ಅಂಗೈಗೆ ಸುರಿದರು. ಅವನು ಬೆಚ್ಚಿ ಕೈ ಹಿಂದೆ ತೆಗೆದ.

"ಹೇಗಿದೆ?"

"ತಣ್ಣಗಿದೆ ಮೇಡಂ. ಆಳಕ್ಕೇನೂ ಇಳಿಸಲಿಲ್ಲ, ಇಷ್ಟು ಮೇಲಿನ ನೀರು ಬೆಚ್ಚಗೇ ಇರಬೇಕಿತ್ತು."

"ಗಾಳಿ?"

ಅವನು ಬಾವುಟ ನೋಡಿದ. "ಇಲ್ಲ."

ಲೀಲಾವತಿ ಕೊಳವೆಯಲ್ಲಿ ಉಳಿದ ನೀರಿಗೆ ತಮ್ಮ ಬೆರಳನ್ನೂ ಅದ್ದಿದರು. ತುಸು ಹೊತ್ತು ತೆಗೆಯಲೇ ಇಲ್ಲ.

"ಹಾಗಾದರೆ ನೀವು ಬರೆದದ್ದು ತಪ್ಪಾ ಮೇಡಂ?"

"ಅದನ್ನು ನನ್ನನ್ನೇ ಕೇಳಿದರೆ ಹೇಗೆ?"

"ನಿಮಗೆ ಬೇಜಾರಾಯಿತಾ?"

"ಆಯಿತು," ಎಂದರು ಅವರು. "ನನ್ನ ಬೇಜಾರನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಕೊಳವೆ ಇಳಿಸು. ಒಂದು ಸಲದ ನೀರಿನಿಂದ ಏನೂ ತೀರ್ಮಾನವಾಗುವುದಿಲ್ಲ."

ಬಿಸಿಲು ನೆತ್ತಿಗೆ ಬರುವವರೆಗೆ ಅವನು ಇಳಿಸಿದ, ಎಳೆದ. ಪ್ರತಿ ಸಲವೂ ನೀರು ತಣ್ಣಗಿತ್ತು.

ತಿಪ್ಪೇಸ್ವಾಮಿ ಮೇ ತಿಂಗಳನ್ನು ಮತ್ತೆ ಪ್ರಬಂಧಕ್ಕೆ ಸೇರಿಸಿದ. ಅಷ್ಟಕ್ಕೆ ಬಿಡಲಿಲ್ಲ. ದಕ್ಷಿಣದ ಕಡಲುಗಳಲ್ಲಿ ತೇಲುವ ಯಂತ್ರಗಳು ಏನು ಹೇಳುತ್ತವೆ ಎಂದು ಒಂದೊಂದಾಗಿ ನೋಡಿದ. ದಕ್ಷಿಣಕ್ಕೆ ಹೋದಷ್ಟೂ ನೀರು ಇನ್ನೂ ಮೊದಲೇ ತಣ್ಣಗಾಗಿತ್ತು.

ಎಲ್ಲೋ ದೂರದಲ್ಲಿ ಹುಟ್ಟಿದ ಅಲೆಯೊಂದು ಕಡಲೊಳಗೇ ದಡದಗುಂಟ ಸಾಗುತ್ತಾ, ದಾರಿಯುದ್ದಕ್ಕೂ ತಣ್ಣೀರನ್ನು ಮೇಲಕ್ಕೆತ್ತುತ್ತಿತ್ತು. ಅದು ತಿಳಿದ ದಿನ ಅವನು ಊಟ ಮರೆತ. ಓಡಿ ಹೋಗಿ ಗುರುವಿಗೆ ತೋರಿಸಿದ.

ಅವರು ಕುಳಿತು ಪೂರ್ತಿ ನೋಡಿದರು. ಎರಡು ಕಡೆ ಪ್ರಶ್ನೆ ಹಾಕಿ, ಉತ್ತರ ಹುಡುಕಲು ಕಳಿಸಿದರು.

ಪ್ರಬಂಧವನ್ನು ಎಲ್ಲರ ಮುಂದೆ ಒಪ್ಪಿಸುವ ದಿನ ಬಂತು. ಸಭಾಂಗಣ ತುಂಬಿತ್ತು. ಲೀಲಾವತಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ತಿಪ್ಪೇಸ್ವಾಮಿ ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸುತ್ತಾ ವಿವರಿಸಿದ. ದಕ್ಷಿಣದಿಂದ ಬರುವ ಅಲೆಯ ಚಿತ್ರಕ್ಕೆ ಬಂದಾಗ, ಪರೀಕ್ಷೆಗೆಂದು ಹೊರಗಿನಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಕೈ ಎತ್ತಿ ತಡೆದರು.

"ನಿಲ್ಲಿ. ಹಾಗಾದರೆ ಬಂಗೇರ ಮೇಡಂ ಹೇಳಿದ್ದು ತಪ್ಪು ಅನ್ನುತ್ತಿದ್ದೀರಾ?"

ತಿಪ್ಪೇಸ್ವಾಮಿ ಅಲೆಯ ಚಿತ್ರವನ್ನು ಗೋಡೆಯ ಮೇಲೆ ಹಾಗೇ ಬಿಟ್ಟು ಅವರ ಕಡೆ ತಿರುಗಿದ.

"ಮಳೆಗಾಲದ ನಡುವಿನ ಮಟ್ಟಿಗೆ ಸರಿ ಸರ್. ಶುರುವಿನ ಮಟ್ಟಿಗೆ, ಹೌದು, ತಪ್ಪು. ಈ ಕಡಲು ಇಲ್ಲಿಯ ಗಾಳಿಗಾಗಿ ಕಾಯುವುದಿಲ್ಲ."

ಒಂದೊಂದೇ ತಲೆ ಹಿಂದಿನ ಸಾಲಿನ ಕಡೆ ತಿರುಗಿತು. ಕೊನೆಗೆ ಆ ಹಿರಿಯರೂ ತಿರುಗಿದರು.

ಲೀಲಾವತಿ ಕನ್ನಡಕ ಸರಿಮಾಡಿಕೊಂಡರು.

"ನನ್ನ ಮುಖ ಯಾಕೆ ನೋಡುತ್ತೀರಿ? ಚಿತ್ರ ಇರುವುದು ಆ ಗೋಡೆಯ ಮೇಲೆ."